ವೆನಿಸ್ ವರ್ತಕರ ಅರಮನೆಯಲ್ಲಿ ಒಂದು ದಿನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಗಾದೆ. ನಮ್ಮಂತಹ ವ್ಯಾಪಾರಿಗಳಿಗೆ ಓದುವ ಕೋಶವೆಂದರೆ ಲೆಕ್ಕದ ಪುಸ್ತಕ, ಸುತ್ತುವ ದೇಶವೆಂದರೆ ವಯನಾಡಿನಿಂದ ಕೋಝಿಕ್ಕೋಡ್, ಹೆಚ್ಚೆಂದರೆ ಮೈಸೂರು, ಕೊಚ್ಚಿ. ವರ್ಷಕ್ಕೊಮ್ಮೆ ಶ್ರವಣಬೆಳಗೊಳ, ಮೂಡುಬಿದಿರೆ ಯಾತ್ರೆ. ನಲವತ್ತು ವರ್ಷ ಹೀಗೆಯೇ ಕಳೆಯಿತು. ಕಾಳುಮೆಣಸು ಮತ್ತು ಕಾಫಿ ವ್ಯಾಪಾರ ಮಾಡಿಕೊಂಡಿದ್ದ ನನಗೆ ಯುರೋಪು ನೋಡುವ ಯೋಗ ಬಂದದ್ದು ಮಗಳ ದೆಸೆಯಿಂದ. ಅವಳೂ ಅಳಿಯಂದಿರೂ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿದ್ದಾರೆ. "ಅಪ್ಪಾ, ನೀವೂ ಅಮ್ಮನೂ ಒಮ್ಮೆ ಬಂದು ಹೋಗಿ, ಮಂಡಿ ಗಟ್ಟಿಯಿರುವಾಗಲೇ ಬನ್ನಿ" ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಪರ್ಯೂಷಣ, ದಶಲಕ್ಷಣ ಪರ್ವಗಳು ಮುಗಿದ ಮೇಲೆ, ಅಕ್ಟೋಬರ್ ತಿಂಗಳಿನಲ್ಲಿ ನಾವಿಬ್ಬರೂ ಹೊರಟೆವು.

ಅಲ್ಲಿಗೆ ಹೋದ ಮೇಲೆ ಅಳಿಯಂದಿರು, "ಮಾವ, ನಿಮಗೆ ಎಲ್ಲಿಗೆ ಹೋಗುವ ಆಸೆ?" ಎಂದು ಕೇಳಿದರು. ಪ್ಯಾರಿಸ್ ಎನ್ನುತ್ತೇನೆಂದು ಅವರು ಎಣಿಸಿದ್ದರು. ನಾನು ವೆನಿಸ್ ಎಂದೆ. ಕಾರಣ ಬಹಳ ಸರಳ. ಮೆಣಸು ಮಾರುವವನು ಆ ಊರನ್ನು ಒಮ್ಮೆ ನೋಡಬೇಕು.

ಮೆಣಸಿನ ಋಣ

ಇಂದು ವೆನಿಸ್ ಎಂದರೆ ದೋಣಿ, ಮದುವೆಯಾದವರ ಪ್ರವಾಸ, ಸಿನಿಮಾದ ಹಾಡು ಎಂದು ಜನ ತಿಳಿದಿದ್ದಾರೆ. ಆದರೆ ಐದುನೂರು ವರ್ಷಗಳ ಹಿಂದೆ ಯುರೋಪಿನ ಬಹುಪಾಲು ಮೆಣಸು ಆ ಊರಿನ ಮೂಲಕ ಹೋಗುತ್ತಿತ್ತು. ಮಲಬಾರಿನ ಬಂದರುಗಳಲ್ಲಿ ಅರಬ್ಬಿ ಹಡಗುಗಳು ತುಂಬಿಕೊಂಡ ಒಳ್ಳೆಮೆಣಸು ಕೆಂಪು ಸಮುದ್ರ ದಾಟಿ, ಈಜಿಪ್ಟಿನ ಅಲೆಕ್ಸಾಂಡ್ರಿಯ ಸೇರಿ, ಅಲ್ಲಿಂದ ವೆನಿಸ್ಸಿನ ವರ್ತಕರ ಕೈಗೆ ಹೋಗುತ್ತಿತ್ತು. ಅವರು ಅದನ್ನು ಜರ್ಮನಿ ಮುಂತಾದ ಕಡೆಗೆ ಮಾರುತ್ತಿದ್ದರು. 1284ರಲ್ಲಿ ವೆನಿಸ್ಸಿನವರು ಡುಕಾಟ್ ಎಂಬ ಚಿನ್ನದ ನಾಣ್ಯ ಅಚ್ಚು ಹಾಕಿದರು. ಮೂರೂವರೆ ಗ್ರಾಂ ತೂಕದ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಅದು ನಮ್ಮ ಮಲಬಾರಿನ ತನಕ ಬಂದು ಹೆಂಗಸರ ಕೊರಳಿನ ಸರಕ್ಕೂ ಏರಿತು. ನಿಕೊಲೊ ಕೊಂಟಿ ಎಂಬ ವೆನಿಸ್ ಸೀಮೆಯ ವರ್ತಕ ಹದಿನೈದನೆಯ ಶತಮಾನದ ಆರಂಭದಲ್ಲಿ ವಿಜಯನಗರವನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. 1498ರಲ್ಲಿ ವಾಸ್ಕೋ ಡ ಗಾಮ ಆಫ್ರಿಕಾವನ್ನು ಬಳಸಿಕೊಂಡು ಕೋಝಿಕ್ಕೋಡಿನ ಹತ್ತಿರ ಬಂದಿಳಿದಾಗ ಹೆಚ್ಚು ಗಾಬರಿಯಾದದ್ದು ವೆನಿಸ್ಸಿನ ಪೇಟೆಗೆ. ದಲ್ಲಾಳಿಯನ್ನು ಬಿಟ್ಟು ನೇರವಾಗಿ ತೋಟಕ್ಕೆ ಗಿರಾಕಿ ಬಂದರೆ ದಲ್ಲಾಳಿಗೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು!

ಮ್ಯೂನಿಕ್‌ನಿಂದ ರೈಲಿನಲ್ಲಿ ಏಳು ಗಂಟೆಯ ಹತ್ತಿರದ ದಾರಿ. ಮಗಳು ಚಪಾತಿ, ಒಗ್ಗರಣೆ ಅವಲಕ್ಕಿ, ಬೆಳ್ಳುಳ್ಳಿ ಹಾಕದ ಚಟ್ನಿಪುಡಿ ಕಟ್ಟಿಕೊಂಡಿದ್ದಳು. ಇಟಲಿಯಲ್ಲಿ ನಮ್ಮವರಿಗೆ ಊಟದ ಕಷ್ಟ ಹೆಚ್ಚೇನಿಲ್ಲ. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದು ಮೊದಲೇ ಹೇಳಿದರೆ ಟೊಮೆಟೊ ಹಾಕಿದ ಪಾಸ್ತಾ ಮಾಡಿಕೊಡುತ್ತಾರೆ. ಕಷ್ಟವಿರುವುದು ಹೊತ್ತಿನದು. ಅವರು ಊಟಕ್ಕೆ ಕೂರುವುದೇ ರಾತ್ರಿ ಎಂಟರ ಮೇಲೆ, ಅಕ್ಟೋಬರಿನಲ್ಲಿ ಅಲ್ಲಿ ಸೂರ್ಯಾಸ್ತ ಆರೂವರೆಯ ಒಳಗೆ. ಆದ್ದರಿಂದ ಸಂಜೆಗೆ ಕಟ್ಟಿಕೊಂಡ ಬುತ್ತಿಯೇ ಗತಿ.

ಕೊಂಡ ಮನೆ, ಕೊಂಡ ಹೆಸರು

ವೆನಿಸ್ಸಿನಲ್ಲಿ ಕಾರು, ಬಸ್ಸು, ಸ್ಕೂಟರು ಯಾವುದೂ ಇಲ್ಲ. ನೂರಕ್ಕೂ ಹೆಚ್ಚು ಸಣ್ಣ ದ್ವೀಪಗಳು, ನಾನೂರಕ್ಕೂ ಹೆಚ್ಚು ಸೇತುವೆಗಳು. ನಮ್ಮ ಸಿಟಿ ಬಸ್ಸಿನಂತೆ ಅಲ್ಲಿ ಬೋಟು. 75 ನಿಮಿಷದ ಟಿಕೆಟ್ಟಿಗೆ ಒಂಬತ್ತೂವರೆ ಯೂರೋ. ಒಂದನೆಯ ನಂಬರಿನ ಬೋಟು ಗ್ರ್ಯಾಂಡ್ ಕೆನಾಲ್ ಎಂಬ ದೊಡ್ಡ ಕಾಲುವೆಯಲ್ಲಿ ಪ್ರತಿ ನಿಲ್ದಾಣಕ್ಕೂ ನಿಂತು ಹೋಗುತ್ತದೆ. ಎರಡೂ ದಡದಲ್ಲಿ ನೀರಿನಿಂದ ನೇರ ಮೇಲೆದ್ದಂತೆ ಅರಮನೆಗಳು. ಕೆಸರಿನಲ್ಲಿ ಸಾವಿರಾರು ಮರದ ಗೂಟ ಬಡಿದು, ಅದರ ಮೇಲೆ ಕಲ್ಲು ಹಾಸಿ ಕಟ್ಟಿದವು. ಅವುಗಳಲ್ಲಿ ಒಂದರ ಬಾಗಿಲಿಗೇ ಬೋಟಿನ ನಿಲ್ದಾಣವಿದೆ. ಅದೇ ಕಾ ರೆಝೋನಿಕೊ. ಕಾ ಎಂದರೆ ಮನೆ. ಇಷ್ಟು ದೊಡ್ಡ ಅರಮನೆಯನ್ನು ಅವರು ಕರೆಯುವುದು ಬರೀ ಮನೆ ಎಂದು. ಈಗ ಅದು ವೆನಿಸ್ ನಗರಸಭೆಯ ವಸ್ತುಸಂಗ್ರಹಾಲಯ. ಹದಿನೆಂಟನೆಯ ಶತಮಾನದ ಚಿತ್ರ, ಪೀಠೋಪಕರಣ, ಗಾಜು, ಪಿಂಗಾಣಿ, ಬಟ್ಟೆಗಳನ್ನು ಅಲ್ಲಿ ಮನೆಯಲ್ಲಿ ಇಟ್ಟ ಹಾಗೆಯೇ ಜೋಡಿಸಿದ್ದಾರೆ. ಮಂಗಳವಾರ ರಜೆ ಎಂಬುದನ್ನು ಹೋಗುವವರು ನೆನಪಿಡಬೇಕು.

ಈ ಮನೆಯ ಕಥೆ ಕೇಳಿದರೆ ನಮ್ಮ ಕಡೆಯದೇ ಕಥೆ ಎನ್ನಿಸುತ್ತದೆ. 1649ರಲ್ಲಿ ಫಿಲಿಪ್ಪೊ ಬಾನ್ ಎಂಬ ಹಳೆಯ ಕುಲೀನ ಮನೆತನದವನು ಇದನ್ನು ಕಟ್ಟಲು ಶುರು ಮಾಡಿದ. ಆಗಿನ ಕಾಲದ ಬಹು ದೊಡ್ಡ ಶಿಲ್ಪಿ ಬಾಲ್ದಸಾರೆ ಲೊಂಗೆನಾ ನಕ್ಷೆ ಮಾಡಿದ. ಕೈಮೀರಿ ಹಾಕಿದ ತಳಪಾಯ. ಹಣ ಸಾಲಲಿಲ್ಲ. 1682ರಲ್ಲಿ ಶಿಲ್ಪಿ ತೀರಿಕೊಂಡಾಗ ಮನೆ ಅರ್ಧಕ್ಕೆ ನಿಂತಿತ್ತು. ಅದೇ ಅರೆಬರೆ ಮನೆ ಮುಂದೆ ಎಪ್ಪತ್ತು ವರ್ಷ ಹಾಗೆಯೇ ಇತ್ತು.

ಆಗ ಬಂದವರು ರೆಝೋನಿಕೊ ಮನೆತನದವರು. ಇವರು ಹುಟ್ಟು ಕುಲೀನರಲ್ಲ. ಉತ್ತರದ ಕೊಮೊ ಸೀಮೆಯಿಂದ ಬಂದ ವರ್ತಕರು, ಲೇವಾದೇವಿ ಮಾಡುವವರು. ವೆನಿಸ್ಸಿನಲ್ಲಿ ಕುಲೀನರ ಹೆಸರುಗಳನ್ನು ಬರೆದಿಡುವ 'ಬಂಗಾರದ ಪುಸ್ತಕ' ಎಂದು ಒಂದಿತ್ತು. ಅದರಲ್ಲಿ ಹೆಸರಿದ್ದವರಿಗೆ ಮಾತ್ರ ಆಡಳಿತದಲ್ಲಿ ಸ್ಥಾನ. ತುರ್ಕರೊಂದಿಗೆ ಯುದ್ಧ ಮಾಡಿ ಬೊಕ್ಕಸ ಬರಿದಾದಾಗ ಸರ್ಕಾರ ಆ ಪುಸ್ತಕವನ್ನು ಹಣವಂತರಿಗೆ ತೆರೆಯಿತು. ಒಂದು ಲಕ್ಷ ಡುಕಾಟ್ ಕೊಟ್ಟರೆ ಹೆಸರು ಬರೆಯುತ್ತಿದ್ದರು. 1687ರಲ್ಲಿ ರೆಝೋನಿಕೊ ಹೆಸರು ಅದರೊಳಗೆ ಸೇರಿತು. 1751ರಲ್ಲಿ ಗಿಯಂಬಟಿಸ್ಟಾ ರೆಝೋನಿಕೊ ಈ ಅರೆಬರೆ ಮನೆಯನ್ನು ಕೊಂಡು, ಜಾರ್ಜೊ ಮಸಾರಿ ಎಂಬ ಶಿಲ್ಪಿಯನ್ನು ಹಿಡಿದು, 1756ರ ಹೊತ್ತಿಗೆ ಪೂರ್ತಿ ಮಾಡಿಸಿಬಿಟ್ಟ. ಹಳೆಯ ಕುಲೀನರಿಗೆ ನೂರು ವರ್ಷದಲ್ಲಿ ಆಗದ್ದನ್ನು ವರ್ತಕರು ಐದೇ ವರ್ಷದಲ್ಲಿ ಮುಗಿಸಿದರು. ಎರಡು ವರ್ಷದ ನಂತರ, 1758ರಲ್ಲಿ, ಅದೇ ಮನೆತನದ ಕಾರ್ಲೊ ರೆಝೋನಿಕೊ ಹದಿಮೂರನೆಯ ಕ್ಲೆಮೆಂಟ್ ಎಂಬ ಹೆಸರಿನಲ್ಲಿ ಪೋಪರಾದರು. ಪೋಪ್ ಎಂದರೆ ಕ್ಯಾಥೊಲಿಕ್ ಕ್ರೈಸ್ತರ ಪರಮಗುರು. ಒಂದು ವರ್ತಕ ಮನೆತನಕ್ಕೆ ಇದಕ್ಕಿಂತ ಎತ್ತರ ಇನ್ನೇನಿದೆ?

ಮಹಡಿಯ ಮೇಲೆ

ಕೆಳಗಿನ ಅಂತಸ್ತು ಖಾಲಿ ಖಾಲಿ. ಕಾಲುವೆಯ ನೀರಿಗೆ ತೆರೆದ ಬಾಗಿಲು, ಕಲ್ಲಿನ ನೆಲ, ಒಳಗೆ ಅಂಗಳ. ವೆನಿಸ್ಸಿನ ಹಳೆಯ ವರ್ತಕರ ಮನೆಗಳಲ್ಲಿ ಕೆಳಗೆ ಸರಕು, ಮೇಲೆ ಸಂಸಾರ. ನಮ್ಮ ಪೇಟೆಯ ಅಂಗಡಿಮನೆಗಳ ಕ್ರಮವೇ. ಹೊಸ ಸಿರಿವಂತರ ಮನೆಯಾದ್ದರಿಂದ ಇಲ್ಲಿ ಸರಕಿನ ಬದಲು ದೋಣಿಯಿಂದ ಇಳಿಯುವ ಅತಿಥಿಗಳಿಗೆ ಜಾಗ. ಸಮುದ್ರ ಉಕ್ಕಿದರೆ ನೀರು ಒಳಗೆ ಬರುವ ಊರು ಅದು. 2019ರ ನವೆಂಬರಿನಲ್ಲಿ 187 ಸೆಂಟಿಮೀಟರ್ ಏರಿತ್ತಂತೆ. ಬೆಲೆಬಾಳುವ ವಸ್ತುವನ್ನು ಕೆಳಗೆ ಇಡುವ ಹಾಗೇ ಇಲ್ಲ.

ಅಗಲವಾದ ಮೆಟ್ಟಿಲು ಹತ್ತಿದರೆ ನೃತ್ಯಶಾಲೆ. ಎರಡು ಅಂತಸ್ತಿನ ಎತ್ತರವನ್ನು ಒಂದೇ ಕೋಣೆಗೆ ಕೊಟ್ಟಿದ್ದಾರೆ. ಗೋಡೆಯಲ್ಲಿ ಕಂಬಗಳು, ಕಮಾನುಗಳು ಇವೆಯೆಂದು ನಾನು ಕೈಯಿಂದ ಮುಟ್ಟುವಷ್ಟು ಹತ್ತಿರ ಹೋದೆ. ಎಲ್ಲವೂ ಬಣ್ಣ! ಚಪ್ಪಟೆ ಗೋಡೆಯ ಮೇಲೆ ಕಂಬ ಬರೆದು ಕಣ್ಣಿಗೆ ಮೋಸ ಮಾಡಿದ್ದಾರೆ. ಛಾವಣಿಯಲ್ಲಿ ಕ್ರೊಸಾತೊ ಎಂಬ ಚಿತ್ರಕಾರ ಸೂರ್ಯದೇವನ ರಥ ಬರೆದಿದ್ದಾನೆ, ಸುತ್ತಲೂ ಯುರೋಪು, ಏಷ್ಯಾ, ಆಫ್ರಿಕಾ, ಅಮೆರಿಕ ನಾಲ್ಕು ಖಂಡಗಳು.

ಪಕ್ಕದ ಕೋಣೆಯೊಂದರಲ್ಲಿ ಮದುವೆಯ ಛಾವಣಿ. 1758ರಲ್ಲಿ ಲುದೊವಿಕೊ ರೆಝೋನಿಕೊಗೆ ಸವೊರ್ನ್ಯಾನ್ ಎಂಬ ಹಳೆಯ ಕುಲೀನ ಮನೆತನದ ಫೌಸ್ತೀನಾ ಜೊತೆ ಮದುವೆಯಾಯಿತು. ಅದಕ್ಕಾಗಿ ಆ ಕಾಲದ ಶ್ರೇಷ್ಠ ಚಿತ್ರಕಾರ ಜಂಬಟಿಸ್ಟಾ ತಿಯೆಪೊಲೊನನ್ನು ಕರೆಸಿ ಬರೆಸಿದರು. ಬಿಳಿ ಕುದುರೆಗಳ ರಥದಲ್ಲಿ ವಧೂವರರು, ಮುಂದೆ ಕಣ್ಣಿಗೆ ಬಟ್ಟೆ ಕಟ್ಟಿದ ಮನ್ಮಥ. ನಮ್ಮ ಶ್ರೀಮತಿ ಬಹಳ ಹೊತ್ತು ಕತ್ತೆತ್ತಿ ನೋಡಿ, "ಮದುವೆ ಚಪ್ಪರ ಮರುದಿನ ಬಿಚ್ಚುತ್ತೇವೆ, ಇವರು ಬಿಚ್ಚದ ಚಪ್ಪರ ಹಾಕಿಬಿಟ್ಟಿದ್ದಾರೆ ನೋಡಿ" ಎಂದಳು.

ಸಿಂಹಾಸನದ ಕೋಣೆಯ ಛಾವಣಿಯನ್ನೂ ತಿಯೆಪೊಲೊ ಬರೆದದ್ದು. ಬಿಳಿ ಗಡ್ಡದ ಒಬ್ಬ ವೃದ್ಧ ಕೀರ್ತಿಯ ಗುಡಿಯ ಕಡೆಗೆ ಏರುತ್ತಿದ್ದಾನೆ. ಆತನೇ 'ಯೋಗ್ಯತೆ'. ಎರಡು ಪಕ್ಕದಲ್ಲಿ ಕುಲೀನತೆ ಮತ್ತು ಸದ್ಗುಣ ಎಂಬ ಸ್ತ್ರೀಯರು. ಹತ್ತಿರದಲ್ಲಿ ಒಂದು ಮಗು ಪುಸ್ತಕ ಹಿಡಿದಿದೆ. ಅದು ಯಾವ ಪುಸ್ತಕವೆಂದು ಮಗಳು ಓದಿ ಹೇಳಿದಾಗ ನನಗೆ ನಗು ಬಂತು. ಅದೇ ಬಂಗಾರದ ಪುಸ್ತಕ! ಲಕ್ಷ ಡುಕಾಟ್ ಕೊಟ್ಟು ಬರೆಸಿದ ಹೆಸರನ್ನು ಛಾವಣಿಗೆ ಏರಿಸಿ, ಅದಕ್ಕೆ ಯೋಗ್ಯತೆ ಎಂದು ಹೆಸರಿಟ್ಟಿದ್ದಾರೆ. ನಗು ಬಂದ ಬೆನ್ನಿಗೆ ನಮ್ಮವರ ನೆನಪೂ ಬಂತು. ಪಂಚಕಲ್ಯಾಣಕ್ಕೆ ಕೊಟ್ಟ ದೇಣಿಗೆಗೆ ಅಮೃತಶಿಲೆಯಲ್ಲಿ ಹೆಸರು ಎಷ್ಟನೆಯ ಸಾಲಿನಲ್ಲಿ ಬಂತೆಂದು ನಾವು ಮಾಡುವ ಚರ್ಚೆ ಸಣ್ಣದೇನಲ್ಲ.

ಸಂಕೋಲೆಯ ಮನುಷ್ಯರು

ಗಾಜಿನ ಕೆಲಸಕ್ಕೆ ವೆನಿಸ್ಸಿನ ಮುರಾನೊ ದ್ವೀಪ ಪ್ರಸಿದ್ಧ. ಇಲ್ಲೊಂದು ಕೋಣೆಯಲ್ಲಿ ಬಣ್ಣಬಣ್ಣದ ಗಾಜಿನ ಹೂಗಳಿಂದ ಮಾಡಿದ ತೂಗುದೀಪವಿದೆ. ಬ್ರಿಯಾತಿ ಎಂಬುವನ ಕಾರ್ಖಾನೆಯದು. ಇನ್ನೂರೈವತ್ತು ವರ್ಷದಿಂದ ಒಂದು ಎಸಳೂ ಮುರಿಯದಂತೆ ಕಾಪಾಡಿದ್ದಾರೆ. ಇನ್ನೊಂದೆಡೆ ರೊಸಾಲ್ಬಾ ಕರಿಯೆರಾ ಎಂಬ ಮಹಿಳೆ ಬಣ್ಣದ ಬಳಪದಿಂದ ಬರೆದ ಮುಖಚಿತ್ರಗಳು. ಆ ಕಾಲದಲ್ಲಿ ಒಬ್ಬ ಹೆಂಗಸು ಯುರೋಪಿನ ರಾಜರೆಲ್ಲ ಕಾಯುವಂತಹ ಚಿತ್ರಕಾರಳಾಗಿದ್ದಳು ಎಂದರೆ ಮೆಚ್ಚಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮರದ ಕೆಲಸ. ಆಂದ್ರೆಯಾ ಬ್ರುಸ್ತೊಲೊನ್ ಎಂಬ ಕುಶಲಿ 1700ರ ಆಸುಪಾಸಿನಲ್ಲಿ ವೆನಿಯೆರ್ ಎಂಬ ಮನೆತನಕ್ಕೆ ಮಾಡಿಕೊಟ್ಟ ಕುರ್ಚಿಗಳು, ಹೂದಾನಿಯ ಪೀಠಗಳು. ನಾನೂ ಬೀಟೆ, ತೇಗ ನೋಡಿ ಬೆಳೆದವನು. ಕುರ್ಚಿಯ ಕೈಯನ್ನು ಮರದ ಕೊಂಬೆಯಂತೆಯೇ, ಗಂಟು ಚಿಗುರುಗಳ ಸಮೇತ ಕೆತ್ತಿದ ಕೈಚಳಕಕ್ಕೆ ಕೈಮುಗಿಯಬೇಕು. ಆದರೆ ಪಿಂಗಾಣಿ ಹೂದಾನಿಗಳನ್ನು ಹೊತ್ತು ನಿಂತಿರುವವರು ಯಾರು? ಕರಿಮರದಲ್ಲಿ ಕೆತ್ತಿದ ಆಫ್ರಿಕಾದ ಮನುಷ್ಯರು, ಕೊರಳಿಗೆ ಸಂಕೋಲೆ. ಜನರನ್ನು ಕಟ್ಟಿಹಾಕಿದ್ದನ್ನೇ ಚೆಂದವೆಂದು ಮನೆಯ ನಡುವೆ ಇಟ್ಟುಕೊಂಡಿದ್ದರು. ಆ ಮುಖಗಳನ್ನು ನೋಡಿದ ಮೇಲೆ ಮುಂದಿನ ಎರಡು ಕೋಣೆಗಳ ಚಿನ್ನದ ಬಣ್ಣ ಕಣ್ಣಿಗೆ ಹಿಡಿಸಲಿಲ್ಲ. ಕೊಲ್ಲುವುದು ಮಾತ್ರ ಹಿಂಸೆಯಲ್ಲ, ಬಂಧಿಸುವುದೂ ಅತಿಯಾಗಿ ಹೊರಿಸುವುದೂ ಅಹಿಂಸಾಣುವ್ರತದ ಅತಿಚಾರಗಳೆಂದು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುತ್ತೇವೆ. ಬಂಧನ ಮತ್ತು ಅತಿಭಾರಾರೋಪಣ ಎರಡಕ್ಕೂ ಒಂದೇ ಉದಾಹರಣೆ ಬೇಕೆಂದರೆ ಆ ಹೂದಾನಿಯ ಪೀಠ.

ನಮ್ಮ ದೇಶದ ಖಡ್ಗಮೃಗ

ಮೇಲಿನ ಅಂತಸ್ತಿನಲ್ಲಿ ಚಿತ್ರಗಳು. ಕನಲೆತ್ತೊ ಬರೆದ ಎರಡು ಪಟಗಳಲ್ಲಿ ಅಂದಿನ ವೆನಿಸ್ ಫೋಟೋದಂತೆ ಕಾಣುತ್ತದೆ. ಒಂದು ದೊಡ್ಡ ಕಾಲುವೆ. ಇನ್ನೊಂದು ಬಡವರ ಕೇರಿಯ ಸಣ್ಣ ಕಾಲುವೆ, ಕಿಟಕಿಯಲ್ಲಿ ಒಣಹಾಕಿದ ಬಟ್ಟೆ ಸಹಿತ.

ಪಿಯೆತ್ರೊ ಲೊಂಗಿ ಎಂಬುವನ ಸಣ್ಣ ಸಣ್ಣ ಚಿತ್ರಗಳ ಕೋಣೆ ಮನೆಮಂದಿಗೆಲ್ಲ ಇಷ್ಟವಾಗುವಂಥದು. ಅರಮನೆಯ ಒಳಗಿನ ದಿನಚರಿ, ತಿಂಡಿ ತಿನ್ನುವುದು, ಪಾಠ, ದರ್ಜಿ, ಹಜಾಮ. ಅಲ್ಲಿ ನಮಗೆ ನಮ್ಮ ದೇಶದವಳೊಬ್ಬಳು ಸಿಕ್ಕಿದಳು. ಅವಳ ಹೆಸರು ಕ್ಲಾರಾ. ಅವಳೊಂದು ಖಡ್ಗಮೃಗ! ಮರಿಯಾಗಿದ್ದಾಗ ತಾಯಿಯನ್ನು ಬೇಟೆಯಲ್ಲಿ ಕಳೆದುಕೊಂಡು, ಬಂಗಾಳದಲ್ಲಿದ್ದ ಡಚ್ ಕಂಪನಿಯ ಅಧಿಕಾರಿಯೊಬ್ಬನ ಮನೆಯಲ್ಲಿ ಬೆಳೆದವಳು. 1741ರಲ್ಲಿ ಒಬ್ಬ ಹಡಗಿನ ಕಪ್ತಾನ ಅವಳನ್ನು ಯುರೋಪಿಗೆ ಸಾಗಿಸಿ ಊರೂರು ಸುತ್ತಿಸಿ ದುಡ್ಡು ಮಾಡಿದ. 1751ರ ಜಾತ್ರೆಯಲ್ಲಿ ಅವಳು ವೆನಿಸ್ಸಿಗೆ ಬಂದಾಗ ಲೊಂಗಿ ಚಿತ್ರ ಬರೆದ. ಮುಖವಾಡ ಹಾಕಿದ ಸಿರಿವಂತರು ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಕ್ಲಾರಾ ಕೆಳಗೆ ಹುಲ್ಲು ತಿನ್ನುತ್ತಿದ್ದಾಳೆ. ಅವಳ ಮೂಗಿನ ಮೇಲೆ ಕೊಂಬಿಲ್ಲ, ಉದುರಿದ ಕೊಂಬನ್ನು ಕಾವಲುಗಾರ ಎತ್ತಿ ಹಿಡಿದು ತೋರಿಸುತ್ತಿದ್ದಾನೆ. 1758ರಲ್ಲಿ ಅವಳು ಲಂಡನ್ನಿನಲ್ಲಿ ಸತ್ತಳು. ಹದಿನೇಳು ವರ್ಷ ಪರದೇಶದಲ್ಲಿ ತನ್ನ ಜಾತಿಯ ಇನ್ನೊಂದು ಪ್ರಾಣಿಯ ಮುಖ ನೋಡದೆ ಬದುಕಿದ ಜೀವ. ಹನ್ನೊಂದನೆಯ ತೀರ್ಥಂಕರ ಶ್ರೇಯಾಂಸನಾಥರ ಲಾಂಛನ ಖಡ್ಗಮೃಗ ಎಂಬುದು ನಮ್ಮ ಮಕ್ಕಳಿಗೆಲ್ಲ ಗೊತ್ತು. ನಮ್ಮ ಶ್ರೀಮತಿ ಆ ಪಟದ ಮುಂದೆ ನಿಂತು ಕಣ್ಣು ಮುಚ್ಚಿ ಮೂರು ಸಲ ಣಮೋಕಾರ ಹೇಳಿಕೊಂಡಳು. ಪಕ್ಕದಲ್ಲಿದ್ದ ಪ್ರವಾಸಿಗರು ಆಕೆಗೆ ತಲೆ ಸುತ್ತಿತೋ ಏನೋ ಎಂದು ಹೆದರಿಕೊಂಡರು.

ಗೋಡೆಯಿಂದ ಕಿತ್ತ ಚಿತ್ರಗಳು

ಅದೇ ಅಂತಸ್ತಿನ ಚಿಕ್ಕ ಕೋಣೆಗಳಲ್ಲಿರುವ ಚಿತ್ರಗಳು ಈ ಮನೆಯವಲ್ಲ. ಹಿರಿಯ ತಿಯೆಪೊಲೊನ ಮಗ ಜಂದೊಮೆನಿಕೊ ತಿಯೆಪೊಲೊ, ಜಿಯಾನಿಗೊ ಎಂಬ ಹಳ್ಳಿಯಲ್ಲಿದ್ದ ತನ್ನ ಸ್ವಂತ ಮನೆಯ ಗೋಡೆಗಳ ಮೇಲೆ ಬರೆದುಕೊಂಡವು. ಯಾರೂ ಹಣ ಕೊಟ್ಟು ಬರೆಸಿದ್ದಲ್ಲ, ತನ್ನ ಸಂತೋಷಕ್ಕೆ ಬರೆದದ್ದು. 1791ರಲ್ಲಿ ಬರೆದ 'ಹೊಸ ಲೋಕ' ಎಂಬ ಚಿತ್ರದಲ್ಲಿ ಒಂದು ಗುಂಪು ನಿಂತಿದೆ. ಬಹುತೇಕ ಎಲ್ಲರ ಬೆನ್ನು ನಮ್ಮ ಕಡೆಗೆ. ನಮ್ಮ ಜಾತ್ರೆಗಳಲ್ಲಿ ಹಿಂದೆ ಬರುತ್ತಿದ್ದ ಬೊಂಬಾಯಿ ಪೆಟ್ಟಿಗೆಯಂತಹ ಒಂದು ಪೆಟ್ಟಿಗೆಯೊಳಗೆ ದೂರದೇಶದ ಚಿತ್ರ ಇಣುಕಲು ನೂಕುನುಗ್ಗಲು. ಒಳಗೆ ಏನಿದೆಯೆಂದು ನಮಗೆ ಕಾಣುವುದಿಲ್ಲ. ಇದಾಗಿ ಆರು ವರ್ಷಕ್ಕೆ, 1797ರಲ್ಲಿ, ನೆಪೋಲಿಯನ್ ಬಂದು ಸಾವಿರ ವರ್ಷದ ವೆನಿಸ್ ಗಣರಾಜ್ಯವನ್ನು ಮುಗಿಸಿದ. ಆ ಜನ ಇಣುಕುತ್ತಿದ್ದ ಹೊಸ ಲೋಕ ಬಂದೇಬಿಟ್ಟಿತು.

ಈ ಚಿತ್ರಗಳು ಇಲ್ಲಿಗೆ ಬಂದ ಬಗೆಯೇ ನನ್ನ ನಿದ್ದೆ ಕೆಡಿಸಿತು. 1906ರಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬ ಇವನ್ನು ಗೋಡೆಯಿಂದ ಬಿಡಿಸಿ ಫ್ರಾನ್ಸಿಗೆ ಮಾರಲು ಸಿದ್ಧತೆ ಮಾಡಿದ್ದ. ಇಟಲಿ ಸರ್ಕಾರ ರಫ್ತಿಗೆ ತಡೆ ಹಾಕಿತು. ವೆನಿಸ್ ನಗರಸಭೆ ಕೊಂಡುಕೊಂಡು, ಮೂಲ ಮನೆಯ ಕೋಣೆಗಳ ಅಳತೆಗೆ ಹೊಂದುವ ಹಾಗೆ ಇಲ್ಲಿ ಕೂಡಿಸಿತು. ಸಕಾಲದಲ್ಲಿ ಒಬ್ಬ ಅಧಿಕಾರಿ ಬೇಡ ಎಂದದ್ದರಿಂದ ಉಳಿಯಿತು.

ಮೂರನೆಯ ಅಂತಸ್ತಿನಲ್ಲಿ ಒಂದು ಹಳೆಯ ಔಷಧದ ಅಂಗಡಿಯನ್ನು ಸಾಮಾನು ಸಮೇತ ತಂದು ಇಟ್ಟಿದ್ದಾರೆ. ಮರದ ಕಪಾಟು, ಸಾಲು ಸಾಲು ಪಿಂಗಾಣಿ ಭರಣಿ, ಗಾಜಿನ ಬುದ್ದಲಿ. ಇಂತಹ ಅಂಗಡಿಗೆ ಅವರು ಸ್ಪೆಝಿಯೇರಿಯಾ ಎನ್ನುತ್ತಾರೆ. ಸ್ಪೆಝಿಯೆ ಎಂದರೆ ಮಸಾಲೆ ಪದಾರ್ಥ. ಮಸಾಲೆ ಮತ್ತು ಮದ್ದು ಒಂದೇ ಅಂಗಡಿಯಲ್ಲಿ! "ನಮ್ಮ ಗ್ರಂಥಿಗೆ ಅಂಗಡಿಯೇ ಅಲ್ಲವೇ ಇದು" ಎಂದು ಮನೆಯಾಕೆ ಹೇಳಿದಳು. ಅರಮನೆಯಲ್ಲಿ ನನಗೆ ಬಿಡುಬೀಸಾಗಿ ಉಸಿರಾಡಿದಂತಾದದ್ದು ಅಲ್ಲಿ ಮಾತ್ರ. ಆ ಭರಣಿಗಳಲ್ಲಿ ಯಾವುದಾದರೂ ಒಂದರಲ್ಲಿ ಎಂದಾದರೂ ನಮ್ಮ ಕಡೆಯ ಮೆಣಸು ಇದ್ದಿರಬೇಕೆಂದು ಮನಸ್ಸು ಹೇಳಿತು.

ಮನೆ ಉಳಿಯಿತು, ಮನೆತನ ಉಳಿಯಲಿಲ್ಲ

ರೆಝೋನಿಕೊ ಮನೆತನ ಏನಾಯಿತು? 1810ರಲ್ಲಿ ಅವರ ಕೊನೆಯ ಗಂಡು ಅಬ್ಬೊಂದಿಯೊ ತೀರಿಕೊಂಡು ವಂಶವೇ ನಿಂತುಹೋಯಿತು. ಮನೆ ಕೊಂಡು ಅರವತ್ತು ವರ್ಷ ತುಂಬಿರಲಿಲ್ಲ. ಆ ಮೇಲೆ ಮನೆ ಕೈಯಿಂದ ಕೈಗೆ ಹೋಯಿತು. ಒಳಗಿನ ಸಾಮಾನು ಚೂರುಚೂರಾಗಿ ಮಾರಾಟವಾಯಿತು. 1888ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗರ ಮಗ ಇದನ್ನು ಕೊಂಡ. ಮಗನ ಮನೆಗೆ ಬಂದಿದ್ದ ಕವಿ 1889ರ ಡಿಸೆಂಬರ್ 12ರಂದು ಇಲ್ಲೇ ಕೊನೆಯುಸಿರೆಳೆದರು. ಆಮೇಲೆ ಇನ್ನೊಬ್ಬ ಶ್ರೀಮಂತರ ಪಾಲಾಗಿ, 1920ರ ದಶಕದಲ್ಲಿ ಕೋಲ್ ಪೋರ್ಟರ್ ಎಂಬ ಅಮೆರಿಕದ ಹಾಡುಗಾರ ಬಾಡಿಗೆಗಿದ್ದು, ಕೊನೆಗೆ 1935ರಲ್ಲಿ ನಗರಸಭೆ ಕೊಂಡುಕೊಂಡಿತು. 1936ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು.

ಅಷ್ಟು ಹೊತ್ತಿಗೆ ಮನೆಯಲ್ಲಿ ಗೋಡೆ, ಛಾವಣಿ, ನೃತ್ಯಶಾಲೆಯ ಎರಡು ತೂಗುದೀಪಗಳು, ಇಂಥವನ್ನು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ನಾವು ನೋಡಿ ಬೆರಗಾದ ಕುರ್ಚಿ ವೆನಿಯೆರ್ ಮನೆಯದು, ಚಿತ್ರ ಜಿಯಾನಿಗೊ ಮನೆಯದು, ಔಷಧದ ಅಂಗಡಿ ಇನ್ನೆಲ್ಲಿಯದೋ. ಒಂದು ಮನೆ ಮತ್ತೆ ಮನೆಯಂತೆ ಕಾಣಲು ಹತ್ತು ಮನೆಯ ಸಾಮಾನು ಬೇಕಾಯಿತು.

ನಮ್ಮ ಮೂಲಮನೆ

ಕಾಲುವೆಯ ಕಡೆಯ ಕಿಟಕಿಯ ಬಳಿ ಕುಳಿತು ನಾನು ಒಂದು ಮಾತನ್ನು ಮಗಳಿಗೆ ಹೇಳಿದೆ. ಅದನ್ನೇ ಓದುಗರ ಮುಂದೆಯೂ ಹೇಳಿಬಿಡುತ್ತೇನೆ.

ನಮ್ಮದು ಅರಮನೆಯಲ್ಲ, ವಯನಾಡಿನ ಒಂದು ಹಳೆಯ ಜೈನ ಮನೆ. ತೇಗದ ಕಂಬ, ಕೆತ್ತಿದ ಬಾಗಿಲುವಾಡ, ಭತ್ತದ ಪತ್ತಾಯ, ದೇವರ ಕೋಣೆಯಲ್ಲಿ ಹಿತ್ತಾಳೆಯ ತೂಗುದೀಪ, ತಾಳೆಗರಿಯ ಕಟ್ಟುಗಳು. ನನ್ನ ಅಜ್ಜ ಶಾಸ್ತ್ರ ಓದುವಾಗ ಪುಸ್ತಕ ಇಡುತ್ತಿದ್ದ ಠವಣೆಕೋಲು ಒಂದಿತ್ತು. 1983ರಲ್ಲಿ ನಾನು ಸ್ವಂತ ವ್ಯಾಪಾರ ಶುರು ಮಾಡಿದೆ. ಬಂಡವಾಳಕ್ಕೆ ಸ್ವಲ್ಪ ಕಡಿಮೆ ಬಿತ್ತು. ಹಳೆಯ ಸಾಮಾನು ಕೊಳ್ಳುವವನೊಬ್ಬ ಮನೆಬಾಗಿಲಿಗೆ ಬಂದ. ಎರಡು ತೂಗುದೀಪ, ನಾಲ್ಕು ಕಂಚಿನ ತಂಬಿಗೆಗಳನ್ನು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ಕೊಟ್ಟೆ. ಠವಣೆಕೋಲನ್ನು ಅವನು ಕೊಸರು ಕೇಳಿದ, ಕೊಟ್ಟುಬಿಟ್ಟೆ. ವ್ಯಾಪಾರಿಯಾದವನು ತೂಕ ನೋಡಿದೆ, ಬೆಲೆ ನೋಡಲಿಲ್ಲ. ಸಂಜೆ ಅವ್ವ ದೇವರ ಕೋಣೆಗೆ ಹೋಗಿ ಬಂದವಳು ನನ್ನನ್ನು ಬೈಯಲಿಲ್ಲ. "ಅಪ್ಪಯ್ಯ ನಾಳೆ ಪುಸ್ತಕ ಎಲ್ಲಿಡಬೇಕು ಮಗಾ?" ಎಂದು ಕೇಳಿದಳು, ಅಷ್ಟೆ. ಮರುದಿನ ಅಜ್ಜ ಒಂದು ಮಣೆಯನ್ನು ಮಗುಚಿ ಅದರ ಮೇಲೆ ಪುಸ್ತಕ ಇಟ್ಟು ಓದಿದರು. ತೀರಿಕೊಳ್ಳುವ ತನಕ ಹಾಗೆಯೇ ಓದಿದರು. ಒಂದು ದಿನವೂ ಆ ಮಾತನ್ನು ಎತ್ತಲಿಲ್ಲ.

ಈಗ ಆ ಮನೆ ನಮ್ಮ ನಾಲ್ವರು ಅಣ್ಣತಮ್ಮಂದಿರ ಪಾಲಿನದು. ಹಿರಿಯಣ್ಣ ತೀರಿಕೊಂಡಿದ್ದಾರೆ. ಮಾಡು ಸೋರುತ್ತಿದೆ. ಪೇಟೆಯ ಹಳೆಸಾಮಾನಿನ ವ್ಯಾಪಾರಿಯೊಬ್ಬರು ಬಾಗಿಲುವಾಡಕ್ಕೂ ಕಂಬಗಳಿಗೂ ದೊಡ್ಡ ಮೊತ್ತ ಹೇಳಿದ್ದಾರೆ. ಅಣ್ಣನ ಮಗ, "ಚಿಕ್ಕಪ್ಪಾ, ಅಪರಿಗ್ರಹ ಎಂದು ನೀವೇ ಹೇಳುತ್ತೀರಿ, ಹಳೆಯ ಮರಕ್ಕೆ ಯಾಕಿಷ್ಟು ಮೋಹ?" ಎಂದು ಕೇಳಿದ್ದ. ಊರು ಬಿಡುವಾಗ ನನ್ನಲ್ಲಿ ಉತ್ತರ ಇರಲಿಲ್ಲ.

ವೆನಿಸ್ಸಿನಲ್ಲಿ ಅರ್ಧ ಉತ್ತರ ಸಿಕ್ಕಿತು. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ರೆಝೋನಿಕೊಗಳು ಛಾವಣಿಯ ಮೇಲೆ ಹೆಸರು ಬರೆಸಿದ್ದು ಮೂರ್ಛೆ. ನಾನು ಅಜ್ಜನ ಠವಣೆಕೋಲನ್ನು ಮಾರಿದ್ದು ತ್ಯಾಗವಲ್ಲ, ಅದೂ ಮೂರ್ಛೆಯೇ, ಹಣದ ಮೇಲಿನದು. ನನ್ನದು ಎನ್ನದೆ ಹತ್ತು ಜನ ನೋಡಿ ತಿಳಿಯಲಿ ಎಂದು ಕಾಪಾಡಿದರೆ ಅದು ಪರಿಗ್ರಹದ ಭಾರವನ್ನು ಇಳಿಸಿದಂತೆ. ಆ ಅರಮನೆ ಯಾರೊಬ್ಬರದೂ ಅಲ್ಲವಾದ ಮೇಲೆಯೇ ಎಲ್ಲರದೂ ಆಯಿತು.

ಉಳಿದರ್ಧ ಉತ್ತರಕ್ಕೆ ಹಣ ಬೇಕು, ಅದು ಅಷ್ಟು ಸುಲಭವಲ್ಲ. ಮಾಡು ಹೊದೆಸುವ ಖರ್ಚನ್ನು ಯಾರು ಎಷ್ಟು ಹಾಕುವುದೆಂದು ನಾವಿನ್ನೂ ತೀರ್ಮಾನಿಸಿಲ್ಲ. ಅಣ್ಣನ ಮಗನಿಗೆ ಮನೆಸಾಲ ಇದೆ, ಅವನ ಕಷ್ಟವೂ ನಿಜ. ನನ್ನ ಪಾಲಿನ ಖರ್ಚಿಗಿಂತ ಹೆಚ್ಚು ನಾನು ಹಾಕುತ್ತೇನೆಂದು ಹೇಳಿದ್ದೇನೆ. ಮಹಾವೀರ ಜಯಂತಿಗೆ ಎಲ್ಲರೂ ಕೂಡುವಾಗ ಮಾತು ಮುಗಿಯಬೇಕು. ಅಲ್ಲಿಯ ತನಕ ಒಂದು ಕಂಬವನ್ನೂ ಕೀಳುವುದಿಲ್ಲವೆಂದು ಅವನು ಒಪ್ಪಿದ್ದಾನೆ.

ಓದುಗರಲ್ಲಿ ವಿನಂತಿ

ಊರಿಗೆ ಬಂದು ನಾನು ಮಾಡಿದ ಮೊದಲ ಕೆಲಸ, ಇನ್ನೂರು ಪುಟದ ಒಂದು ಲೆಕ್ಕದ ಪುಸ್ತಕ ತಂದದ್ದು. ಮನೆಯಲ್ಲಿ ಉಳಿದ ಹಳೆಯ ವಸ್ತುಗಳನ್ನು ಒಂದೊಂದಾಗಿ ಬರೆಯುತ್ತಿದ್ದೇವೆ. ಏನು, ಯಾವುದರಲ್ಲಿ ಮಾಡಿದ್ದು, ಯಾರು ತಂದದ್ದು, ಯಾರು ಬಳಸುತ್ತಿದ್ದರು, ಯಾವ ಹಬ್ಬಕ್ಕೆ ತೆಗೆಯುತ್ತಿದ್ದರು. ಎಂಬತ್ತೆಂಟು ವರ್ಷದ ನಮ್ಮ ಸೋದರತ್ತೆ ಹೇಳುತ್ತಾರೆ, ಮೊಮ್ಮಗಳು ಬರೆಯುತ್ತಾಳೆ, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾಳೆ. ಇದಕ್ಕೆ ಖರ್ಚಾದದ್ದು ಪುಸ್ತಕದ ಬೆಲೆ ಮಾತ್ರ. ಸೋದರತ್ತೆಯ ನಂತರ ಎಷ್ಟು ಖರ್ಚು ಮಾಡಿದರೂ ಇದು ಆಗುವ ಕೆಲಸವಲ್ಲ.

ಗಡಿಯಾಚೆ ಇರುವ ನಮಗೆ ಈ ಕೆಲಸ ಇನ್ನೂ ಮುಖ್ಯ. ವಯನಾಡಿನಲ್ಲಿ ನಾವು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡಿಕೊಂಡು ತಲೆಮಾರುಗಳಿಂದ ಬದುಕಿದವರು. ಸುಲ್ತಾನ್ ಬತ್ತೇರಿಯ ಕಲ್ಲಿನ ಬಸದಿ ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡು ಇಡುವ ಜಾಗವಾಗಿ, ಊರಿನ ಹೆಸರೇ ಅದರಿಂದ ಬಂತು. ಇಂದು 'ಪುರಾತತ್ವ ಇಲಾಖೆ'ಯ ರಕ್ಷಣೆಯಲ್ಲಿದೆ. ಬಸದಿಯನ್ನು ಸರ್ಕಾರ ಕಾಯುತ್ತದೆ. ನಮ್ಮ ಮನೆಯ ಠವಣೆಕೋಲನ್ನು ಯಾವ ಸರ್ಕಾರ ಕಾಯಬೇಕು?

ಮನೆಯಲ್ಲಿ ತಾಳೆಗರಿ ಇದ್ದವರು ಗೆದ್ದಲಿಗೆ ಬಿಡಬೇಡಿ, ತಿಳಿಯದವರ ಕೈಗೂ ಕೊಡಬೇಡಿ. ಮೂಡುಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನದಂತಹ ಕಡೆ ವಿಚಾರಿಸಿ. ಧರ್ಮಸ್ಥಳಕ್ಕೆ ಹೋಗುವವರು ಮಂಜೂಷಾ ವಸ್ತುಸಂಗ್ರಹಾಲಯವನ್ನು ನೋಡದೆ ಬರಬೇಡಿ. ಹಳೆಯ ಪಾತ್ರೆಪಗಡಕ್ಕೂ ಎಷ್ಟು ಗೌರವದ ಜಾಗವಿದೆಯೆಂದು ಮಕ್ಕಳಿಗೆ ಅಲ್ಲಿ ತೋರಿಸಬಹುದು. ಮಾರಲೇಬೇಕಾದ ಸಂದರ್ಭ ಬಂದರೆ ಮಾರಿ, ಕಷ್ಟ ಎಲ್ಲರಿಗೂ ಇದೆ. ಆದರೆ ತಕ್ಕಡಿಗೆ ಹಾಕುವ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.

ವೆನಿಸ್ಸಿನಿಂದ ನಾನು ತಂದದ್ದು ಏನೂ ಇಲ್ಲ. ಮನೆಯಾಕೆ ಮುರಾನೊ ಗಾಜಿನ ಒಂದು ಸಣ್ಣ ಹೂ ಕೊಂಡಳು, ಅದು ದಾರಿಯಲ್ಲೇ ಮುರಿಯಿತು. ನಾವು ಬಿಟ್ಟು ಬಂದದ್ದು ಒಂದಿದೆ. ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿಗೆ ಊರಿನಿಂದ ತಂದಿದ್ದ ಕಾಲು ಕಿಲೋ ವಯನಾಡು ಮೆಣಸನ್ನು ಕೊಟ್ಟೆವು. ಆಕೆ ಮೂಸಿ ನೋಡಿ ಕಣ್ಣರಳಿಸಿದರು. ಹಳೆಯ ಗಿರಾಕಿ, ಐದುನೂರು ವರ್ಷದ ನಂತರವೂ ಸರಕನ್ನು ಗುರುತು ಹಿಡಿದಂತೆ ನನಗೆ ಕಂಡಿತು.